ಅಳಿವೆಗೊಂದು ನಾಡು

ಶಾರ್ಜಾಕ್ಕೆ ಬಂದ ಮೊದಲ ತಿಂಗಳಲ್ಲೇ ಗೋದಾಮೊಂದರ ಅಡಿಪಾಯಕ್ಕೆ ಮಟ್ಟ ಹಿಡಿಯಲು ನನ್ನನ್ನು ಕಡಲಂಚಿನ ಒಂದು ಬಯಲಿಗೆ ಕಳುಹಿಸಿದ್ದರು. ದೂರಕ್ಕೆ ಅದು ಬತ್ತಿದ ಕೆರೆಯಂಗಳದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಕಾಲಿಟ್ಟಾಗ ಮೇಲಿನ ಪದರ ಸುಟ್ಟ ಹಪ್ಪಳದ ಹಾಗೆ ಮುರಿಯಿತು. ಮಣ್ಣಿನ ಪರೀಕ್ಷೆಗೆಂದು ಜೆಸಿಬಿಯಿಂದ ತೋಡಿಸಿದ ಗುಂಡಿ ಒಂದು ಮೀಟರ್ ಆಳಕ್ಕೆ ಇಳಿಯುವ ಮೊದಲೇ ಬೂದುಬಣ್ಣದ ಕೆಸರು ಬಂತು. ಕೆಸರಿನ ನಡುವೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಜಿಪ್ಸಂ ಹರಳುಗಳಿದ್ದವು. ನಾವು ನೋಡುತ್ತಿದ್ದಂತೆಯೇ ಗುಂಡಿಯ ತಳದಲ್ಲಿ ನೀರು ಒಸರಿ ನಿಂತಿತು. ಆ ನೀರಿನಲ್ಲಿ ಅದ್ದಿದ ಕೈ ಒಣಗಿದಾಗ ಬೆರಳಿನ ಗೆರೆಗೆರೆಯಲ್ಲೂ ಉಪ್ಪು ಕೂತಿತ್ತು. ನಾನು ಹುಟ್ಟಿ ಬೆಳೆದದ್ದು ಕುಮಟಾದ ಕಡೆ, ಅಘನಾಶಿನಿಯ ಅಳಿವೆಯ ಹತ್ತಿರ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕೆಸರಿನ ವಾಸನೆಯನ್ನೂ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನೂ ಚಿಕ್ಕಂದಿನಿಂದ ಬಲ್ಲವನು. ಮರಳುಗಾಡೆಂದು ತಿಳಿದು ಬಂದ ನೆಲದಲ್ಲಿ ಅದೇ ವಾಸನೆ ಮೂಗಿಗೆ ಬಡಿದಾಗ, ಈ ನಾಡನ್ನು ನಾನು ತಪ್ಪಾಗಿ ಊಹಿಸಿಕೊಂಡಿದ್ದೆ ಎಂಬುದು ಅರಿವಾಯಿತು. ಅರಬರು ಇಂಥ ನೆಲಕ್ಕೆ ‘ಸಬ್ಖಾ’ ಎನ್ನುತ್ತಾರೆ. ಕಡಲು ಪೂರ್ತಿ ಬಿಟ್ಟುಕೊಡದ, ನೆಲ ಪೂರ್ತಿ ಪಡೆದುಕೊಳ್ಳದ ಉಪ್ಪುಬಯಲು ಅದು.

ಊರಿಗೆ ಹೋದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಅಲ್ಲಿ ಎಣ್ಣೆಯೊಂದನ್ನು ಬಿಟ್ಟರೆ ಏನಿದೆ, ಬ್ರಿಟಿಷರು ಸ್ಕೇಲು ಹಿಡಿದು ಗೆರೆ ಎಳೆದರು, ದೇಶಗಳಾದವು. ಸರ್ವೇ ಕೆಲಸದಲ್ಲಿ 14 ವರ್ಷ ಈ ಕರಾವಳಿಯನ್ನು ಅಳೆದವನಾಗಿ ನಾನು ಆ ಮಾತನ್ನು ಒಪ್ಪಲಾರೆ. ಎಣ್ಣೆ ಸಿಕ್ಕಿದ್ದು ತೀರ ಈಚೆಗೆ: ಬಹರೈನಿನಲ್ಲಿ 1932ರಲ್ಲಿ, ಕುವೈತಿನಲ್ಲಿ 1938ರಲ್ಲಿ, ಅಬುಧಾಬಿಯಲ್ಲಿ 1958ರಲ್ಲಿ, ದುಬೈಯಲ್ಲಿ 1966ರಲ್ಲಿ. ಈ ಊರುಗಳು ಎಲ್ಲಿ ಹುಟ್ಟಬೇಕು, ಎಷ್ಟು ದೂರದವರೆಗೆ ಹಬ್ಬಬೇಕು, ಒಂದರಿಂದ ಇನ್ನೊಂದು ಏಕೆ ಬೇರೆಯಾಗಿ ಉಳಿಯಬೇಕು ಎಂಬುದೆಲ್ಲ ಅದಕ್ಕೆ ಬಹಳ ಮೊದಲೇ ನಿರ್ಧಾರವಾಗಿತ್ತು, ಮತ್ತು ಅದನ್ನು ನಿರ್ಧರಿಸಿದ್ದು ನೀರು. ಉಪ್ಪುನೀರು ಎಷ್ಟು ಆಳ, ಸಿಹಿನೀರು ಎಷ್ಟು ದೂರ ಎಂಬ ಎರಡು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಂಡು ನಕಾಶೆಯನ್ನು ನೋಡಿದರೆ, ಅರ್ಥವಿಲ್ಲದಂತೆ ಕಾಣುವ ತುಂಡುಗಡಿಗಳು ಒಂದೊಂದಾಗಿ ಮಾತಾಡತೊಡಗುತ್ತವೆ.

ಮೊದಲು ಉಪ್ಪುನೀರು. ಇರಾನಿನವರು ಪರ್ಷಿಯನ್ ಕೊಲ್ಲಿ ಎಂದೂ ಅರಬರು ಅರಬ್ ಕೊಲ್ಲಿ ಎಂದೂ ಕರೆಯುವ ಈ ಸಮುದ್ರದ ವಿಸ್ತಾರ ಸುಮಾರು 2,50,000 ಚದರ ಕಿಲೋಮೀಟರ್, ಎಂದರೆ ಕರ್ನಾಟಕಕ್ಕಿಂತ ದೊಡ್ಡದು. ಆದರೆ ಆಳ ಸರಾಸರಿ 35 ಮೀಟರಿನ ಆಸುಪಾಸು ಮಾತ್ರ. ಅತ್ಯಂತ ಆಳವಾದ ಕಡೆಯೂ ನೂರು ಮೀಟರಿನ ಸುತ್ತಮುತ್ತ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ ಜಗತ್ತಿನ ಸಮುದ್ರಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿದ್ದಾಗ, ಈ ಕೊಲ್ಲಿ ಇರಲೇ ಇಲ್ಲ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನೀರು ಹರಿದುಹೋಗುತ್ತಿದ್ದ ಕಣಿವೆಯೊಂದಿತ್ತು. ಹಿಮ ಕರಗಿದಂತೆ ಕಡಲು ಹೊರ್ಮುಜ್ ಜಲಸಂಧಿಯ ಬಾಗಿಲಿನಿಂದ ಒಳಗೆ ನುಗ್ಗಿ ಆ ಕಣಿವೆಯನ್ನು ತುಂಬಿತು. ಇರಾನಿನ ಕಡೆ ಬೆಟ್ಟಗಳು ದಡಕ್ಕೆ ಒತ್ತಿಕೊಂಡಿರುವುದರಿಂದ ಅಲ್ಲಿ ನೀರು ಆಳ. ಅರಬ್ ಕಡೆ ನೆಲ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಾರುತ್ತ ಹೋಗುವುದರಿಂದ ಅಲ್ಲಿ ಮೈಲುಗಟ್ಟಲೆ ತೆಳುನೀರು, ಮರಳದಿಬ್ಬ, ಹವಳದ ಬಂಡೆ. ಮಳೆ ವರ್ಷಕ್ಕೆ ನೂರು ಮಿಲಿಮೀಟರಿನಷ್ಟು, ಅದೂ ಬಂದರೆ ಬಂತು. ಅರಬ್ ಕರಾವಳಿಯಿಂದ ಕೊಲ್ಲಿಗೆ ಬಂದು ಸೇರುವ ಒಂದೇ ಒಂದು ಜೀವನದಿಯೂ ಇಲ್ಲ. ಬಿಸಿಲಿಗೆ ಆವಿಯಾಗಿ ಉಳಿದ ನೀರು ಭಾರವಾಗಿ, ಉಪ್ಪಾಗಿ, ತಳ ಹಿಡಿದು ಹೊರ್ಮುಜಿನ ಅಡಿಯಿಂದ ಹೊರಕ್ಕೆ ಹರಿಯುತ್ತದೆ; ಅದರ ಮೇಲಿನಿಂದ ಹೊರಗಡಲಿನ ನೀರು ಒಳಕ್ಕೆ ಬರುತ್ತದೆ. ಕೊಲ್ಲಿಯ ನೀರು ಹೀಗೆ ಬದಲಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ.

ಈ ತೆಳುನೀರೇ ಒಂದು ಕಾಲದ ಸಂಪತ್ತು. ಬೆಳಕು ತಳ ಮುಟ್ಟುವಲ್ಲಿ, ಬೆಚ್ಚಗಿನ ಉಪ್ಪುನೀರಿನಲ್ಲಿ, ಮುತ್ತಿನ ಚಿಪ್ಪು ಬೆಳೆಯಿತು. ಬೇಸಗೆಯ ನಾಲ್ಕು ತಿಂಗಳು ಊರಿಗೆ ಊರೇ ದೋಣಿ ಹತ್ತುತ್ತಿತ್ತು. ಮುತ್ತು ಮುಂಬಯಿಯ ಪೇಟೆಗೆ ಹೋಗುತ್ತಿತ್ತು, ಅಕ್ಕಿ, ಬಟ್ಟೆ, ಮರ ಮರಳಿ ಬರುತ್ತಿದ್ದವು. ಜಪಾನಿನ ಕೃತಕ ಮುತ್ತು ಮತ್ತು 1929ರ ಆರ್ಥಿಕ ಕುಸಿತ ಎರಡೂ ಒಟ್ಟಿಗೆ ಎರಗಿ ಆ ಬದುಕನ್ನು ಮುರಿದವು.

ಆಳವಿಲ್ಲದ ಕರಾವಳಿಯಲ್ಲಿ ದೋಣಿ ಕಟ್ಟಿ ನಿಲ್ಲಿಸಲು ಜಾಗ ಬೇಕಲ್ಲ? ‘ಶಮಾಲ್’ ಎಂಬ ವಾಯವ್ಯದ ಗಾಳಿ ಎದ್ದಾಗ ತೆರೆದ ದಡದಲ್ಲಿ ದೋಣಿ ನಿಲ್ಲದು. ಆಸರೆ ಇರುವುದು ‘ಖೋರ್’ಗಳಲ್ಲಿ. ಖೋರ್ ಎಂದರೆ ಕಡಲು ಒಳನಾಡಿಗೆ ಚಾಚಿದ ನಾಲಗೆ. ನೋಟಕ್ಕೆ ನಮ್ಮ ಅಳಿವೆಯೇ. ಬಾಯಲ್ಲಿ ಮರಳದಿಣ್ಣೆ, ಒಳಗೆ ಶಾಂತ ನೀರು, ದಡದಲ್ಲಿ ಕಾಂಡ್ಲ ಗಿಡ. ನಮ್ಮ ಅಳಿವೆಯ ಹಿಂದೆ ಹೊಳೆ ಇರುತ್ತದೆ, ಇಲ್ಲಿ ಹಿಂದೆ ಮರುಭೂಮಿ ಇರುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ಆ ವ್ಯತ್ಯಾಸ ಬಹಳ ದೊಡ್ಡದು. ದುಬೈಯಿಂದ ಉತ್ತರಕ್ಕೆ ಹೊರಟರೆ ಸುಮಾರು ನೂರು ಕಿಲೋಮೀಟರಿನೊಳಗೆ ದುಬೈ, ಶಾರ್ಜಾ, ಅಜ್ಮಾನ್, ಉಮ್ಮ್ ಅಲ್ ಕುವೈನ್, ರಾಸ್ ಅಲ್ ಖೈಮಾ ಎಂದು ಐದು ಸಂಸ್ಥಾನಗಳ ಐದು ರಾಜಧಾನಿಗಳು ಸಿಗುತ್ತವೆ. ಐದೂ ಖೋರ್‌ನ ಬಾಯಲ್ಲಿವೆ. ಕುಮಟಾದಿಂದ ಕುಂದಾಪುರಕ್ಕೆ ಹೋಗುವಷ್ಟು ದೂರದಲ್ಲಿ ಅಳಿವೆ ಅಳಿವೆಗೂ ಒಬ್ಬೊಬ್ಬ ದೊರೆ ಇದ್ದಂತೆ. ಅಜ್ಮಾನಿನ ಒಟ್ಟು ವಿಸ್ತಾರ 259 ಚದರ ಕಿಲೋಮೀಟರ್. 2025ರವರೆಗಿದ್ದ ಬೆಂಗಳೂರು ಮಹಾನಗರಪಾಲಿಕೆಯ 741 ಚದರ ಕಿಲೋಮೀಟರಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ.

ಒಂದೊಂದು ಖೋರ್‌ನ ಊರು ಒಂದೊಂದು ರಾಜ್ಯವಾಗಿ ಗಟ್ಟಿಯಾದದ್ದರಲ್ಲಿ ಬ್ರಿಟಿಷರ ಪಾಲು ಖಂಡಿತ ಇದೆ, ಆದರೆ ಅದು ಸ್ಕೇಲು ಹಿಡಿದು ಎಳೆದ ಗೆರೆಯಲ್ಲ. 1819ರಲ್ಲಿ ಮುಂಬಯಿಯಿಂದ ಹೊರಟ ಪಡೆ ರಾಸ್ ಅಲ್ ಖೈಮಾವನ್ನು ಸುಟ್ಟಿತು. ಮರುವರ್ಷದ ಒಪ್ಪಂದಕ್ಕೆ ಈ ದಡದ ಶೇಖರು ಒಬ್ಬೊಬ್ಬರಾಗಿ ಸಹಿ ಹಾಕಿದರು. 1853ರಲ್ಲಿ ಸಮುದ್ರದ ಮೇಲೆ ಶಾಶ್ವತ ಕದನವಿರಾಮ ಬಂತು, 1892ರಲ್ಲಿ ಬೇರೆ ಯಾವ ದೇಶದೊಂದಿಗೂ ವ್ಯವಹರಿಸಬಾರದೆಂಬ ಕಟ್ಟುಪಾಡು ಬಂತು. ಬ್ರಿಟಿಷರಿಗೆ ಬೇಕಾಗಿದ್ದುದು ಭಾರತದ ದಾರಿ ಸುರಕ್ಷಿತವಾಗಿರುವುದು. ಒಳನಾಡಿನ ಮರಳು ಅವರಿಗೆ ಬೇಡವಾಗಿತ್ತು. ಖೋರ್‌ನ ಬಾಯಿ ಯಾರ ಕೈಯಲ್ಲಿದೆಯೋ ಅವನೊಂದಿಗೆ ಕಾಗದ ಮಾಡಿಕೊಂಡರು. ಹಾಗೆ ಸಹಿ ಹಾಕಿದ ಮನೆತನಕ್ಕೆ ಒಂದು ಅಧಿಕೃತತೆ ಸಿಕ್ಕಿತು, ದೊಡ್ಡವನು ಚಿಕ್ಕವನನ್ನು ಸಮುದ್ರದ ಕಡೆಯಿಂದ ನುಂಗುವ ದಾರಿ ಮುಚ್ಚಿತು. ಬಹುಪಾಲು ಈ ವ್ಯವಹಾರ ನಡೆದದ್ದು ಬ್ರಿಟಿಷ್ ಇಂಡಿಯಾ ಸರ್ಕಾರದ ಮೂಲಕ. ಇಲ್ಲಿ ಓಡುತ್ತಿದ್ದ ಹಣವೂ ನಮ್ಮ ರೂಪಾಯಿಯೇ. 1959ರಲ್ಲಿ ಭಾರತ ಇದಕ್ಕೆಂದೇ ಬೇರೆ ‘ಗಲ್ಫ್ ರೂಪಾಯಿ’ಯನ್ನು ಅಚ್ಚು ಹಾಕಿತು, 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಈ ನಾಡುಗಳು ಒಂದೊಂದಾಗಿ ಅದನ್ನು ಬಿಟ್ಟವು.

ಭೂಗೋಳದ ಜೊತೆ ಮನುಷ್ಯನ ತೀರ್ಮಾನವೂ ಸೇರುತ್ತದೆ ಎಂಬುದಕ್ಕೆ ದುಬೈ ಮತ್ತು ಶಾರ್ಜಾದ ಖೋರ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡರ ಬಾಯಲ್ಲೂ ಮರಳು ತುಂಬುತ್ತಿತ್ತು. ದುಬೈಯ ಶೇಖ್ ರಾಶಿದ್ ಕುವೈತಿನಿಂದ ಸಾಲ ತಂದು 1959ರಲ್ಲಿ ಹೂಳೆತ್ತಲು ಶುರುಮಾಡಿಸಿದರು. ಆಗ ದುಬೈಯಲ್ಲಿ ಎಣ್ಣೆಯ ಸುಳಿವೂ ಇರಲಿಲ್ಲ. ಶಾರ್ಜಾದ ಖೋರ್ ಹೂಳು ತುಂಬಿಕೊಂಡೇ ಉಳಿಯಿತು, ವ್ಯಾಪಾರಿಗಳು ಹತ್ತು ಹನ್ನೆರಡು ಕಿಲೋಮೀಟರ್ ಆಚೆಗೆ ಸರಿದರು. ಇಂದಿಗೂ ದುಬೈ ಖೋರ್‌ನ ದೇರಾ ದಂಡೆಯಲ್ಲಿ ಮರದ ದೋಣಿಗಳು ಮೂರು ನಾಲ್ಕು ಸಾಲಾಗಿ ನಿಂತಿರುತ್ತವೆ. ಅಲ್ಲಿ ಅಂಗಡಿ ಇಟ್ಟಿರುವ ಭಟ್ಕಳದ ಹಿರಿಯರೊಬ್ಬರನ್ನು ನಾನು ಭೇಟಿಯಾಗುತ್ತಿದ್ದೆ. ಅವರು ಒಮ್ಮೆ ದೋಣಿಯ ಹಗ್ಗ ತೋರಿಸಿ, “ನೋಡಿ ಮಾರಾಯ್ರೆ, ಹಗ್ಗ ಸಡಿಲ ಬಿಟ್ಟಿದ್ದಾರೆ, ಮಧ್ಯಾಹ್ನ ಕಡಲ ಭರತ ಬಂದ್ರೆ ದೋಣಿ ಏಳ್ತದೆ, ಇದು ನಮ್ಮ ಅಳಿವೆನೇ” ಎಂದಿದ್ದರು. ಅವರ ಊರಿಗೂ ಈ ಕೊಲ್ಲಿಗೂ ನಂಟು ಈಗಿನದಲ್ಲ. ವಿಜಯನಗರದ ಕಾಲದಲ್ಲಿ ಹೊರ್ಮುಜಿನ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು, ಭಟ್ಕಳ ಮತ್ತು ಬಸ್ರೂರಿನ ಅಕ್ಕಿ ಹೊರ್ಮುಜಿಗೆ ಹೋಗುತ್ತಿತ್ತು. ಹೊರ್ಮುಜ್ ದ್ವೀಪವಾದರೋ ಉಪ್ಪಿನ ಗುಡ್ಡ, ಕುಡಿಯುವ ನೀರನ್ನೂ ಹೊರಗಿನಿಂದಲೇ ತರಬೇಕಾದ ಜಾಗ. ಬೆಳೆಯಿಲ್ಲದ ಆ ಬಂಡೆ ಲೋಕದ ಶ್ರೀಮಂತ ಪೇಟೆಗಳಲ್ಲಿ ಒಂದಾದದ್ದು ಅದು ಕುಳಿತಿದ್ದ ಸ್ಥಳದಿಂದ.

ಇನ್ನು ಸಿಹಿನೀರು. ಗಡಿಗಳು ಹುಟ್ಟಿದ್ದು ಇಲ್ಲಿಂದ, ಮತ್ತು ನನಗೆ ಹೆಚ್ಚು ಪ್ರಿಯವಾದ ಭಾಗವೂ ಇದೇ. ಅಬುಧಾಬಿ ಒಂದು ಉಪ್ಪು ದ್ವೀಪ. ಬೇಟೆಗಾರರು ಜಿಂಕೆಯ ಜಾಡು ಹಿಡಿದು ಹೋಗಿ 1761ರಲ್ಲಿ ಅಲ್ಲಿ ನೀರು ಕಂಡರೆಂದು ಐತಿಹ್ಯ. ಆ ಬೇಟೆಗಾರರ ಬನೀ ಯಾಸ್ ಬುಡಕಟ್ಟಿನವರು ಮೂಲತಃ ದಕ್ಷಿಣದ ಲಿವಾ ಓಯಸಿಸ್‌ನವರು. ಬೇಸಗೆಯಲ್ಲಿ ಮುತ್ತಿನ ದೋಣಿ, ಉಳಿದಂತೆ ಒಂಟೆ ಮತ್ತು ಖರ್ಜೂರದ ತೋಟ. ಆದ್ದರಿಂದ ಅವರ ದೊರೆಯ ಮಾತು ದ್ವೀಪದಿಂದ ಲಿವಾದವರೆಗೂ, ಪೂರ್ವದಲ್ಲಿ ಅಲ್ ಐನ್‌ನವರೆಗೂ ನಡೆಯುತ್ತಿತ್ತು. ಇಂದು ಏಳು ಸಂಸ್ಥಾನಗಳು ಸೇರಿದ ಸಂಯುಕ್ತ ಅರಬ್ ಎಮಿರೇಟ್ಸ್ ಒಕ್ಕೂಟದ 83,600 ಚದರ ಕಿಲೋಮೀಟರಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಅಬುಧಾಬಿಯದು. ಅವರ ಆಡಳಿತದ ಲೆಕ್ಕದಲ್ಲಿ ನೆಲಕ್ಕೆ ಅಂಥ ಬೆಲೆ ಇರಲಿಲ್ಲ. ಬಾವಿ, ಮೇವು, ಖರ್ಜೂರದ ಮರ, ಇವುಗಳ ಮೇಲೆ ಹಕ್ಕಿದ್ದ ಕುಟುಂಬ ಯಾರಿಗೆ ನಿಷ್ಠೆ ತೋರುತ್ತದೆ, ಯಾರಿಗೆ ತೆರಿಗೆ ಕೊಡುತ್ತದೆ ಎಂಬುದೇ ರಾಜ್ಯದ ಎಲ್ಲೆ. 1950ರ ದಶಕದಲ್ಲಿ ಎಣ್ಣೆ ಹುಡುಕುವವರಿಗೆ ಗಡಿ ಬೇಕಾದಾಗ, ಜೂಲಿಯನ್ ವಾಕರ್ ಎಂಬ ತರುಣ ಬ್ರಿಟಿಷ್ ಅಧಿಕಾರಿ ಹಳ್ಳಿ ಹಳ್ಳಿಗೆ, ಕಣಿವೆ ಕಣಿವೆಗೆ ಹೋಗಿ, ಈ ಬಾವಿ ಯಾರದು, ನಿಮ್ಮ ಶೇಖ್ ಯಾರು ಎಂದು ಕೇಳುತ್ತ ನಕಾಶೆ ತಯಾರಿಸಬೇಕಾಯಿತು. ಆ ಕೆಲಸದ ಕಷ್ಟವನ್ನು ನಾನು ಊಹಿಸಬಲ್ಲೆ. ಉಪಕರಣ ನಿಲ್ಲಿಸಿ ಅಳೆಯಬಹುದಾದದ್ದು ಕಲ್ಲನ್ನು, ನಿಷ್ಠೆಯನ್ನಲ್ಲ.

ಫಲಿತಾಂಶವನ್ನು ನೋಡಲು ಒಂದು ಶುಕ್ರವಾರ ನಾನು ಕೊಲ್ಲಿಯ ಕಡೆಯಿಂದ ಹಜರ್ ಪರ್ವತ ದಾಟಿ ಪೂರ್ವ ಕರಾವಳಿಗೆ ಹೋಗಿದ್ದೆ. ಶಾರ್ಜಾಕ್ಕೆ ಅಲ್ಲೂ ಕಲ್ಬಾ, ಖೋರ್ ಫಕ್ಕಾನ್, ದಿಬ್ಬಾ ಅಲ್ ಹಿಸ್ನ್ ಎಂಬ ಮೂರು ತುಂಡುಗಳಿವೆ. ದಿಬ್ಬಾ ಎಂಬ ಒಂದೇ ಕಡಲತಿರುವಿನ ಊರು ಮೂರು ಪಾಲಾಗಿದೆ: ಒಂದು ಶಾರ್ಜಾಕ್ಕೆ, ಒಂದು ಫುಜೈರಾ ಸಂಸ್ಥಾನಕ್ಕೆ, ಒಂದು ಒಮಾನ್ ದೇಶಕ್ಕೆ. ವಿಮಾನ ತುರ್ತಾಗಿ ಇಳಿಯಲು ಜಾಗ ಬೇಕೆಂದು ಬ್ರಿಟಿಷರು 1936ರಲ್ಲಿ ಕಲ್ಬಾವನ್ನು ಪ್ರತ್ಯೇಕ ಸಂಸ್ಥಾನವೆಂದೇ ಮಾನ್ಯ ಮಾಡಿದ್ದರು. 1950ರ ದಶಕದ ಆರಂಭದಲ್ಲಿ ಅದು ಮತ್ತೆ ಶಾರ್ಜಾಕ್ಕೆ ಸೇರಿತು. ಖೋರ್ ಫಕ್ಕಾನ್ ದಾಟಿ ಒಳಕ್ಕೆ ತಿರುಗಿದರೆ ಮದ್ಹಾ ಸಿಗುತ್ತದೆ. ಸುಮಾರು 75 ಚದರ ಕಿಲೋಮೀಟರಿನ ಈ ಕಣಿವೆ ಸುತ್ತಲೂ ಎಮಿರೇಟ್ಸ್ ಇದ್ದರೂ ಒಮಾನಿನ ಭಾಗ. ಗಡಿಯಲ್ಲಿ ಠಾಣೆಯಿಲ್ಲ, ತಡೆಗಂಬವಿಲ್ಲ. ದೀಪದ ಕಂಬಗಳ ಬಾವುಟ ಬದಲಾಯಿತು, ಜೇಬಿನ ಮೊಬೈಲು ಒಮಾನಿಗೆ ಸ್ವಾಗತ ಕೋರಿತು. ಅದೇ ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ, ಒಮಾನಿನ ಆ ತುಂಡಿನ ಹೊಟ್ಟೆಯೊಳಗೆ ನಹ್ವಾ ಎಂಬ ಪುಟ್ಟ ಹಳ್ಳಿ, ಅದು ಮತ್ತೆ ಶಾರ್ಜಾದ್ದು. ಮದ್ಹಾದ ಹಿರಿಯರು ಕೂಡಿ ಮಾತಾಡಿ ಒಮಾನಿನ ಸುಲ್ತಾನರನ್ನು ಆರಿಸಿಕೊಂಡರೆಂದೂ, ನಹ್ವಾದವರು ಶಾರ್ಜಾವನ್ನಾಳುವ ಖಾಸಿಮಿ ಮನೆತನಕ್ಕೇ ನಿಷ್ಠರಾಗಿ ಉಳಿದರೆಂದೂ ಅಲ್ಲಿ ಹೇಳುತ್ತಾರೆ. ಎರಡೂ ಕಡೆ ಒಂದೇ ಬಗೆಯ ಕಲ್ಲುಬೆಟ್ಟ, ಅದರ ಬುಡದಲ್ಲಿ ‘ಫಲಜ್’ ಎಂಬ ನೀರಿನ ಕಾಲುವೆ, ಕಾಲುವೆಯುದ್ದಕ್ಕೂ ಖರ್ಜೂರ ಮತ್ತು ಮಾವು. ಮಾವಿನ ಮರದಡಿ ಕಾಲುವೆಗೆ ಕಾಲು ಇಳಿಬಿಟ್ಟು ಕೂತಾಗ ನೀರು ತಣ್ಣಗಿರಲಿಲ್ಲ, ಉಗುರುಬೆಚ್ಚಗಿತ್ತು, ಆದರೆ ಸಿಹಿಯಾಗಿತ್ತು. ಕಡಲಂಚಿನಲ್ಲಿ ಅಷ್ಟು ಗುಂಡಿ ತೋಡಿಸಿಯೂ ನಾನು ಒಮ್ಮೆಯೂ ಕಾಣದಿದ್ದ ನೀರು ಅದು.

ಬಹರೈನ್ ಎಂದರೆ ‘ಎರಡು ಕಡಲು’. ಆ ಹೆಸರಿಗೆ ಹಲವು ವಿವರಣೆಗಳಿವೆ, ನನಗೆ ಹಿಡಿಸಿದ್ದು ಉಪ್ಪುಕಡಲಿನ ಅಡಿಯಲ್ಲಿ ಸಿಹಿನೀರಿನ ಇನ್ನೊಂದು ಕಡಲು ಎಂಬುದು. ಅರೇಬಿಯಾದ ಒಳನಾಡಿನ ಸುಣ್ಣಕಲ್ಲಿನ ಪದರಗಳಲ್ಲಿ ಹಿಂಗಿದ ಹಳೆಯ ಮಳೆನೀರು ನೆಲದಡಿಯಲ್ಲೇ ಪೂರ್ವಕ್ಕೆ ಜಾರುತ್ತ ಬಂದು ಬಹರೈನಿನಲ್ಲಿ ಚಿಲುಮೆಗಳಾಗಿ ಉಕ್ಕುತ್ತಿತ್ತು, ಕೆಲವು ಕಡೆ ಸಮುದ್ರದ ತಳದಲ್ಲೇ. ಮುತ್ತಿನ ಮುಳುಗುಗಾರರು ಮೇಕೆಚರ್ಮದ ಚೀಲ ಹಿಡಿದು ಮುಳುಗಿ, ಚಿಲುಮೆಯ ಬಾಯಿಗೆ ಒಡ್ಡಿ, ಕುಡಿಯುವ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದರು. ಎಂಟುನೂರು ಚದರ ಕಿಲೋಮೀಟರಿಗೂ ಕಡಿಮೆಯ ಆ ದ್ವೀಪಗಳಲ್ಲಿ ಪ್ರಾಚೀನ ದಿಲ್ಮುನ್ ನಾಗರಿಕತೆ ಅರಳಿದ್ದು ಆ ನೀರಿನ ಬಲದಿಂದ. ಇಪ್ಪತ್ತನೆಯ ಶತಮಾನದಲ್ಲಿ ಕೊಳವೆಬಾವಿಗಳು ಬಂದವು, ಬಹರೈನ್ ಮತ್ತು ಸೌದಿ ಎರಡೂ ದಡದವರು ಹೀರಿದರು, ಚಿಲುಮೆಗಳು ಬತ್ತಿದವು, ಬಾವಿಗಳಿಗೆ ಉಪ್ಪು ನುಗ್ಗಿತು. ಅದೇ ಕಾಲದಲ್ಲಿ ಕಡಲಿಗೆ ಮಣ್ಣು ತುಂಬಿ ದೇಶದ ನೆಲ ಹಿಗ್ಗುತ್ತ ಹೋಯಿತು. ನೆಲ ಬೆಳೆಸುವ ಕೆಲಸದಲ್ಲಿ ನಾನೂ ಮಟ್ಟ ಹಿಡಿದವನೇ. ಆದರೂ ಆ ಚಿಲುಮೆಗಳು ಹೋದದ್ದಕ್ಕೆ ನನ್ನ ಮನಸ್ಸು ಇಂದಿಗೂ ಸಮಾಧಾನಗೊಂಡಿಲ್ಲ.

ಕುವೈತಿಗೆ ಒಳ್ಳೆಯ ಬಂದರಿತ್ತು, ನೀರಿರಲಿಲ್ಲ. ಶತ್ತ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ನೀರು ತಂದು ಮಾರುತ್ತಿದ್ದರು. ಕತಾರ್ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪವೇ ದೊಡ್ಡದು, ಅತಿ ಎತ್ತರದ ಜಾಗ 103 ಮೀಟರ್, ಭೂಗಡಿ ಒಂದೇ. 2017ರ ಜೂನ್‌ನಲ್ಲಿ ಸೌದಿ ಅರೇಬಿಯಾ ಆ ಒಂದು ಗಡಿಯನ್ನು ಮುಚ್ಚಿದಾಗ ಪರ್ಯಾಯ ದ್ವೀಪ ಪೂರ್ತಿ ದ್ವೀಪವಾಯಿತು. ಹಾಲಿಗಾಗಿ ಹಸುಗಳನ್ನು ವಿಮಾನದಲ್ಲಿ ತರಿಸಿಕೊಂಡರು. 2021ರ ಜನವರಿಯಲ್ಲಿ ಗಡಿ ತೆರೆಯಿತು. 1968ರಿಂದ ಮೂರು ವರ್ಷ ಒಂಬತ್ತು ಸಂಸ್ಥಾನಗಳು ಸೇರಿ ಒಂದೇ ಒಕ್ಕೂಟವಾಗುವ ಮಾತುಕತೆ ನಡೆದಿತ್ತು. ಬಹರೈನ್ ಮತ್ತು ಕತಾರ್ 1971ರಲ್ಲಿ ಬೇರೆ ಬೇರೆ ದೇಶಗಳಾದವು. ಆರು ಸಂಸ್ಥಾನಗಳು ಆ ವರ್ಷದ ಡಿಸೆಂಬರ್ 2ರಂದು ಒಂದಾದವು, ರಾಸ್ ಅಲ್ ಖೈಮಾ 1972ರ ಫೆಬ್ರವರಿಯಲ್ಲಿ ಬಂದು ಏಳನೆಯದಾಯಿತು. ಕೊಲ್ಲಿಯ ದಡದ ಇವರೆಲ್ಲರ ಕಡಲದಾರಿಯೂ ಕೊನೆಗೆ ಅತಿ ಕಿರಿದಾದಲ್ಲಿ ನಲವತ್ತು ಕಿಲೋಮೀಟರಿನಷ್ಟೂ ಅಗಲವಿಲ್ಲದ ಹೊರ್ಮುಜ್ ಜಲಸಂಧಿಯಲ್ಲಿ ಹಾದುಹೋಗಬೇಕು. ಕೊಲ್ಲಿಗೆ ತಾಗದೆ ಹೊರಗಡಲಿನ ಮೇಲೆಯೇ ಇರುವ ಸಂಸ್ಥಾನ ಫುಜೈರಾ ಒಂದೇ, ಅದಕ್ಕಾಗಿಯೇ ಅಬುಧಾಬಿಯ ಎಣ್ಣೆಗೆ ಬೆಟ್ಟ ದಾಟಿಸಿ ಅಲ್ಲಿಗೆ ಕೊಳವೆ ಹಾಕಿದರು. 2012ರಿಂದ ಅದು ಹರಿಯುತ್ತಿದೆ.

ಈಗ ಕುಡಿಯುವ ನೀರು ಕಡಲಿನಿಂದಲೇ ಬರುತ್ತದೆ. ಕುವೈತಿನಲ್ಲಿ 1950ರ ದಶಕದಲ್ಲಿ ದೊಡ್ಡದಾಗಿ ಶುರುವಾದ ನಿರ್ಲವಣೀಕರಣ ಇಂದು ಈ ಎಲ್ಲ ನಗರಗಳ ಜೀವನಾಡಿ. ಸಿಹಿನೀರು ಎಷ್ಟು ದೂರ ಎಂಬ ಹಳೆಯ ಪ್ರಶ್ನೆ ಮುಗಿದಂತೆ ತೋರುತ್ತದೆ, ಆದರೆ ಅದು ಮೊದಲ ಪ್ರಶ್ನೆಯೊಳಗೆ ಸೇರಿಕೊಂಡಿದೆ ಅಷ್ಟೆ. ಅದೇ ತೆಳುನೀರಿನಿಂದ ಸಿಹಿಯನ್ನು ತೆಗೆದು, ಉಳಿದ ಗಾಢ ಉಪ್ಪುನೀರನ್ನು ಅದಕ್ಕೇ ಮರಳಿಸುತ್ತಾರೆ. 2008ರಲ್ಲಿ ಪೂರ್ವ ಕರಾವಳಿಯಲ್ಲಿ ಶುರುವಾದ ಕೆಂಪು ಪಾಚಿ ತಿಂಗಳುಗಟ್ಟಲೆ ಹಬ್ಬಿ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಅಂಥ ದಿನಕ್ಕೆಂದು ಅಬುಧಾಬಿಯವರು ಕಡಲಿನಿಂದ ಸಿಹಿ ಮಾಡಿದ ನೀರನ್ನು 27 ತಿಂಗಳು ಹರಿಸಿ ಲಿವಾದ ಮರಳಿನಡಿ ತುಂಬಿಟ್ಟಿದ್ದಾರೆ, ಸುಮಾರು 2.6 ಕೋಟಿ ಘನಮೀಟರಿನಷ್ಟು. 2018ರಲ್ಲಿ ಆ ಕೆಲಸ ಮುಗಿಯಿತು. ಬನೀ ಯಾಸರು ನೀರಿಗಾಗಿ ಮರಳುತ್ತಿದ್ದ ಊರೇ ಲಿವಾ.

2024ರ ಏಪ್ರಿಲ್ 16ರಂದು ಅಲ್ ಐನ್ ಹತ್ತಿರದ ಖತ್ಮ್ ಅಲ್ ಶಕ್ಲಾದಲ್ಲಿ ಇಪ್ಪತ್ತನಾಲ್ಕು ಗಂಟೆಗೂ ಕಡಿಮೆ ಅವಧಿಯಲ್ಲಿ 254.8 ಮಿಲಿಮೀಟರ್ ಮಳೆಯಾಯಿತು. ಶಾರ್ಜಾದ ನಮ್ಮ ಬೀದಿಯಲ್ಲಿ ನೀರು ಸೊಂಟದವರೆಗೆ ಏರಿತು, ಮಳೆ ನಿಂತ ಮೇಲೂ ಇಳಿಯಲಿಲ್ಲ. ಊರಿನಲ್ಲಿ ಒಂದು ಆಷಾಢದಲ್ಲಿ ಬೀಳುವ ಮಳೆಗೆ ಇದು ಏನೂ ಅಲ್ಲ, ಆದರೆ ಅಲ್ಲಿ ಹೊಳೆ ಇದೆ, ನೀರಿಗೆ ಹೋಗಲು ದಾರಿ ಇದೆ. ನಾಲ್ಕು ದಿನ ಕುಡಿಯುವ ನೀರಿನ ಕ್ಯಾನುಗಳನ್ನು ಹಲಗೆಯ ಮೇಲೆ ತೇಲಿಸಿಕೊಂಡು ತಂದು ಮೆಟ್ಟಿಲು ಹತ್ತಿಸಿದೆವು. ಐದನೆಯ ದಿನ ನಾನು ನೆಲದ ಮಟ್ಟ ಬರೆದಿಟ್ಟ ಹಳೆಯ ಪುಸ್ತಕಗಳನ್ನೂ, ನಗರ ಬೆಳೆಯುವ ಮುಂಚಿನ ಒಂದು ನಕಾಶೆಯ ಪ್ರತಿಯನ್ನೂ ತೆಗೆದು ಮೇಜಿನ ಮೇಲೆ ಹರಡಿದೆ. ನೀರು ಇಳಿದುಹೋದ ಬೀದಿಗಳನ್ನು ಪೆನ್ಸಿಲಿನಿಂದ ಒಂದೊಂದಾಗಿ ಅಡ್ಡಗೆರೆ ಹಾಕುತ್ತ ಬಂದೆ. ಗೆರೆ ಬೀಳದೆ ಉಳಿದದ್ದು ನಕಾಶೆಯಲ್ಲಿ ಸಣ್ಣ ಸಣ್ಣ ಚುಕ್ಕೆಗಳಿಂದ ಸಬ್ಖಾ ಎಂದು ಗುರುತಿಸಿದ್ದ ಜಾಗ. ನಮ್ಮ ಕಟ್ಟಡ ಅದರ ನಡುವೆ ಇತ್ತು. ಕೆಳಗೆ ಟ್ಯಾಂಕರುಗಳು ರಾತ್ರಿಯಿಡೀ ನೀರು ಹೀರಿ ಹೀರಿ ಖೋರ್‌ನ ಕಡೆಗೆ ಒಯ್ಯುತ್ತಿದ್ದವು.